ಎರಡು ಗುಂಡಿಯ ಒಲೆ

ಮಧ್ಯಾಹ್ನದ ಹೊತ್ತಿಗೆ ತನುಜಾಳ ಫೋನು ಬಡಿದುಕೊಂಡರೆ ಅದು ಅವಳ ಅತ್ತೆಯದೇ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಿದ್ದಾಪುರದ ಡಿಪ್ಲೊಮಾ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಅವಳು ಲ್ಯಾಬ್ ಸಹಾಯಕಿ. ಶಿರಸಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಕೈಯಲ್ಲಿದ್ದ ಮೀಟರನ್ನು ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ಹೋಗುತ್ತಿದ್ದಳು.

"ತನುಜಾ, ನಿಮ್ಮ ಮಾವ ಒಲಿ ಮುಂದ ಬಂದು ನಿಂತಾರ. ಹಚ್ಚವಾ."

"ಹಚ್ತೆ ಅತ್ತೆ. ಪಾತ್ರೆಲಿ ನೀರು ಐತಾ ನೋಡಿ."

"ಐತಿ, ಐತಿ. ಇಲ್ಲಿಂದ ಕಾಣತೈತಿ."

ತನುಜಾ ಫೋನಿನ ಪರದೆಯ ಮೇಲೊಂದು ಗುರುತನ್ನು ಮುಟ್ಟಿದರೆ ಅಲ್ಲಿ ಶಿರಸಿಯ ಮನೆಯಲ್ಲಿ ಸ್ಮಾರ್ಟ್ ಪ್ಲಗ್ಗು ಟಿಕ್ ಎಂದು ಒಲೆಗೆ ಕರೆಂಟು ಬಿಡುತ್ತಿತ್ತು. ಮಾವ ಚಹಾ ಕುದಿಸಿ ಸೋಸಿದ ಮೇಲೆ ಮತ್ತೆ ಅತ್ತೆಯ ಫೋನು. "ಆತವಾ, ಬಂದ್ ಮಾಡು." ಮತ್ತೊಮ್ಮೆ ಮುಟ್ಟಿದರೆ ಆರುತ್ತಿತ್ತು. ದಿನಕ್ಕೆ ಒಂದು ಸಲವಾದರೆ ಸರಿ. ಕೆಲವು ದಿನ ಚಹಾ ಕುಡಿದ ಲೋಟ ಒಣಗುವ ಮೊದಲೇ ಅವರು ಮತ್ತೆ ಒಲೆಯ ಮುಂದೆ ನಿಂತಿರುತ್ತಿದ್ದರು.

ಮಾವ ಕೆರಿಯಪ್ಪ ದಾಸನಕೊಪ್ಪದ ಬಸ್ ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿದ್ದವರು. ಮೀಸೆ ಮೂಡುವ ವಯಸ್ಸಿನಿಂದ ಹಿಡಿದು ತಲೆ ಪೂರ್ತಿ ಹಣ್ಣಾಗುವವರೆಗೆ ಒಲೆಯ ಎದುರಿಗೇ ನಿಂತ ಜೀವ. ಮರೆವು ಶುರುವಾಗಿ, ಗಿರಾಕಿಗೆ ಕೊಟ್ಟ ಚಹಾವನ್ನೇ ಮತ್ತೆ ಮತ್ತೆ ಕೊಡಲು ಹೋದಾಗ ಅಂಗಡಿ ಮುಚ್ಚಿಸಿ, ಮಗ ವಿಶ್ವೇಶ್ವರ ಅಪ್ಪ ಅವ್ವ ಇಬ್ಬರನ್ನೂ ಶಿರಸಿಯ ಮರಾಠಿಕೊಪ್ಪದ ಬಾಡಿಗೆ ಮನೆಗೆ ಕರೆತಂದಿದ್ದ. ವಿಶ್ವೇಶ್ವರ ಯಲ್ಲಾಪುರದ ದಾರಿಯಲ್ಲಿ ಲಾರಿ ಓಡಿಸುವವನು. ಮನೆಯಲ್ಲಿ ಇದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಅತ್ತೆ ಕಲ್ಲವ್ವನಿಗೆ ಬುದ್ಧಿ ಚುರುಕು, ಆದರೆ ಮೊಣಕಾಲು ಎರಡೂ ಸೋತಿದ್ದವು. ಮಂಚದಿಂದ ಎದ್ದು ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವುದೇ ಅವಳಿಗೆ ಒಂದು ಪ್ರಯಾಣ.

ಬಂದ ಹೊಸದರಲ್ಲಿ ಕೆರಿಯಪ್ಪ ಗ್ಯಾಸಿನ ಕಿವಿ ತಿರುಗಿಸಿ, ಬೆಂಕಿ ಹಚ್ಚುವುದನ್ನು ಮರೆತು ಹಾಲು ಕಾಯುತ್ತದೆಂದು ನೋಡುತ್ತ ನಿಂತಿದ್ದರು. ಅವತ್ತಿನಿಂದ ಸಿಲಿಂಡರು ಹಿತ್ತಿಲ ಜಗಲಿಗೆ ಹೋಯಿತು, ರೆಗ್ಯುಲೇಟರು ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿತು. ತನುಜಾ ಬೆಳಕು ಹರಿಯುವ ಮೊದಲೇ ಎದ್ದು ಅದನ್ನು ತೆಗೆದು ಅಡುಗೆ ಮುಗಿಸಿ, ಮತ್ತೆ ಬೀಗ ಹಾಕಿ ಬಸ್ಸು ಹಿಡಿಯುತ್ತಿದ್ದಳು. ಆದರೆ ಹಚ್ಚಲು ಒಲೆಯೇ ಇಲ್ಲದ ಮನೆಯಲ್ಲಿ ಕೆರಿಯಪ್ಪ ನಿಲ್ಲಲಾರದಾದರು. ಪಾತ್ರೆಗಳನ್ನೆಲ್ಲ ನೆಲಕ್ಕೆ ಇಳಿಸಿ ಹುಡುಕಿದರು. ಗೇಟು ದಾಟಿ ಹೋಗಿ ಕಂಡವರನ್ನೆಲ್ಲ ಬೆಂಕಿಪೊಟ್ಟಣ ಕೇಳಿದರು. ಒಮ್ಮೆಯಂತೂ ಶಿರಸಿಯಲ್ಲೇ ಇರುವ ಯಲ್ಲಾಪುರ ನಾಕಾದ ಹತ್ತಿರ ಸಿಕ್ಕಿದರು, ಕೈಯಲ್ಲಿ ಸೋಸುವ ಬಟ್ಟೆ. ಚಹಾ ಮಾಡಿದ ದಿನ ಮಾತ್ರ ಮನುಷ್ಯ ತಣ್ಣಗಿರುತ್ತಿದ್ದರು. ಅದನ್ನು ಕಂಡೇ ವಿಶ್ವೇಶ್ವರ ಹುಬ್ಬಳ್ಳಿಯಿಂದ ಒಂದು ಕಾಯಿಲಿನ ಕರೆಂಟ್ ಒಲೆಯನ್ನೂ, ಫೋನಿನಿಂದ ನಡೆಸುವ ಆ ಪ್ಲಗ್ಗನ್ನೂ ತಂದದ್ದು.

ಪ್ಲಗ್ಗಿನ ಪಕ್ಕದಲ್ಲಿ ಬಟಾಣಿಯಷ್ಟು ಒಂದು ಗುಂಡಿ ಇತ್ತು. ಫೋನು ಇಲ್ಲದಾಗ ಕೈಯಿಂದಲೇ ಹಚ್ಚಲಿ ಎಂದು ಇಟ್ಟದ್ದು. ಅದನ್ನು ತನುಜಾ ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೆಂಡತಿಯ ಹೆಸರು ಮರೆಯುವ ಮಾವ ಆ ಗುಂಡಿಯನ್ನು ಕಲಿಯುತ್ತಾರೆಂದು ಯಾರು ಎಣಿಸಿಯಾರು?

ಕಲಿತರು. ಒಂದು ದಿನ ಕಲ್ಲವ್ವ ಮಂಚದ ಮೇಲೆ ಜೋಂಪಿಗೆ ಬಿದ್ದಾಗ, ಕೆರಿಯಪ್ಪ ಗುಂಡಿ ಒತ್ತಿ, ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು, ಅದರ ಮೇಲೆ ಸೋಸುವ ಬಟ್ಟೆ ಮುಚ್ಚಿ ಹೊರಗೆ ಹೋಗಿ ಕುಳಿತರು. ಹೊಗೆಯ ವಾಸನೆಗೆ ಕಲ್ಲವ್ವನಿಗೆ ಎಚ್ಚರವಾಯಿತು. ಏಳಲು ಹೋಗಿ ಮಂಚದ ಬುಡದಲ್ಲೇ ಕುಸಿದಳು. ಅವಳು ಕೂಗಿದ್ದು ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಪರಿಮಳಾಗೆ ಕೇಳಿಸಿತು.

ಸಂಜೆ ತನುಜಾ ಬಸ್ಸಿಳಿದು ಬರುವಾಗ ಪರಿಮಳಾ ಗೇಟಿನಲ್ಲೇ ಕಾದಿದ್ದಳು. "ಹೆದರ್ಕೋಬೇಡ ಮಾರಾಯ್ತಿ, ಈಗ ಎಂತದೂ ಇಲ್ಲ. ನಾನು ಓಡಿ ಬಂದು ಮೇನ್ ಸ್ವಿಚ್ಚೇ ತೆಗ್ದೆ. ಗೋಡೆ ಸ್ವಲ್ಪ ಕಪ್ಪಾಗಿದೆ ಅಷ್ಟೆ. ಆದ್ರೆ ನಾ ಇಲ್ದೇ ಇದ್ದಿದ್ರೆ?"

ತನುಜಾ ಅವಳನ್ನು ದಾಟಿ ಬಾಗಿಲಿಗೆ ಬಂದಳು. ಒಳಗೆ ಕಲ್ಲವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕೆರಿಯಪ್ಪ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಬಂದವಳನ್ನು ನೋಡಿ ಮರ್ಯಾದೆಯಿಂದ ಕೇಳಿದರು, "ಬರ್ರಿ. ಊಟ ಆತೇನ್ರಿ?"

ಚಪ್ಪಲಿಯನ್ನೂ ಬಿಡದೆ ಅವಳು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು.

ಆ ಭಾನುವಾರ ಪ್ಲಗ್ಗನ್ನು ಗೋಡೆಯಿಂದ ಕಿತ್ತು ತಂದು ಹಿತ್ತಿಲ ಜಗಲಿಯಲ್ಲಿ ಹಳೆಯ ಪೇಪರು ಹಾಸಿಕೊಂಡು ಕುಳಿತಳು. ಅದಕ್ಕೆ ಸ್ಕ್ರೂ ಎಂಬುದೇ ಇರಲಿಲ್ಲ. ಎರಡು ಪ್ಲಾಸ್ಟಿಕ್ ಹೋಳುಗಳನ್ನು ಕರಗಿಸಿ ಕೂಡಿಸಿದ್ದರು. ಹ್ಯಾಕ್ಸಾ ಬ್ಲೇಡಿನಿಂದ ಅಂಚನ್ನು ಸುತ್ತಲೂ ಗೀರಿ, ಸಣ್ಣಗೆ ತಿರುಚಿದಾಗ ಚಿಟಕ್ಕೆಂದು ಬಾಯಿ ಬಿಟ್ಟಿತು. ಒಳಗೆ ಒಂದು ಹಸಿರು ಬೋರ್ಡು. ಅದರ ಮೇಲೆ ಕರೆಂಟನ್ನು ಬಿಡುವ, ತಡೆಯುವ ರಿಲೇ, ಒಂದು ಚಿಕ್ಕ ದೀಪ, ಅಂಚಿನಲ್ಲಿ ಆ ಗುಂಡಿ. ಗುಂಡಿಯ ಕಾಲುಗಳಿಗೆ ಸೋಲ್ಡರಿಂಗ್ ಐರನ್ ಮುಟ್ಟಿಸಿ, ಸೀಸ ಕರಗಿದಾಗ ಚಿಮುಟದಿಂದ ಎತ್ತಿದಳು. ಅಷ್ಟೇ ಕೆಲಸ. ಹೊರಗಿನ ಪ್ಲಾಸ್ಟಿಕ್ ಗುಂಡಿ ಮೊದಲಿನಂತೆಯೇ ಕಾಣುತ್ತಿತ್ತು, ಒತ್ತಿದರೆ ಒಳಗೆ ಹೋಗುತ್ತಿತ್ತು. ಆದರೆ ಅದರ ಹಿಂದೆ ಏನೂ ಇರಲಿಲ್ಲ. ಹೋಳುಗಳನ್ನು ಅಂಟಿಸಿ, ಮೇಲೆ ಟೇಪು ಸುತ್ತಿ ಮತ್ತೆ ಗೋಡೆಗೆ ಸಿಕ್ಕಿಸಿದಳು. ಇನ್ನು ಒಲೆ ಹತ್ತಿದರೆ ತನ್ನ ಫೋನಿನಿಂದ ಮಾತ್ರ. ಅತ್ತೆಯದು ಬರೀ ಮಾತಾಡುವ ಹಳೆಯ ಫೋನು.

ಒಂದಿಷ್ಟು ದಿನ ಹಾಗೆಯೇ ಸಾಗಿತು. ಆಮೇಲೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಲ್ಯಾಬಿನೊಳಗೆ ಯಾರ ಫೋನೂ ಇರಕೂಡದು. ತನುಜಾ ಫೋನನ್ನು ಆಫೀಸಿನಲ್ಲಿ ಕೊಟ್ಟು ಸಂಜೆಯವರೆಗೆ ವೈರು ಜೋಡಿಸಿದಳು, ಸುಟ್ಟ ಫ್ಯೂಸು ಬದಲಿಸಿದಳು. ಸಂಜೆ ಫೋನು ತೆರೆದಾಗ ಅತ್ತೆಯ ಕರೆಗಳು ಪರದೆಯ ತುಂಬ ಇದ್ದವು.

ಮನೆಗೆ ಬಂದಾಗ ಕಲ್ಲವ್ವ ಗಂಡನ ಬಲಗೈಯನ್ನು ಹಿಡಿದು ತೋರಿಸಿದಳು. ಹೆಬ್ಬೆರಳಿನ ತುದಿ ಕೆಂಪಗೆ ಸುಲಿದಿತ್ತು.

"ಮಧ್ಯಾಹ್ನದಿಂದ ಒತ್ತಾಕತ್ತಾರ," ಎಂದಳು. "ಒತ್ತೋದು, ನಿಂದ್ರೋದು, ಮತ್ತ ಒತ್ತೋದು. ಸಾಕು ಬರ್ರಿ ಅಂದ್ರ, 'ನನ್ನ ಕೈ ಸತ್ತಾವು ಕಲ್ಲಿ, ಒತ್ತಿದ್ದು ನನಗ ತಿಳಿವಲ್ದು' ಅಂತ ಅತ್ತರು. ಏಸು ವರ್ಷದ ಮ್ಯಾಲ ನನ್ನ ಹೆಸರು ಬಂತು ನೋಡು ಬಾಯಾಗ. ಇದಕ್ಕ ಬಂತು."

ತನುಜಾ ಕೊಬ್ಬರಿ ಎಣ್ಣೆ ತಂದು ಆ ಬೆರಳಿಗೆ ಸವರಿದಳು. ತಪ್ಪು ತನ್ನದೆಂದು ಅನ್ನಿಸಿತೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಅಷ್ಟು ದಣಿವಾಗಿತ್ತು. ಅನ್ನಕ್ಕೆ ಇಡಬೇಕಿತ್ತು, ಬಚ್ಚಲು ತೊಳೆಯಬೇಕಿತ್ತು, ನಾಳೆಯೂ ಪರೀಕ್ಷೆಯಿತ್ತು.

ವಿಶ್ವೇಶ್ವರ ಲಾರಿ ಬಿಟ್ಟು ಮನೆಗೆ ಬಂದವನು ಎಲ್ಲ ಕೇಳಿ ಅಪ್ಪನ ಬೆರಳನ್ನು ತಿರುವಿ ನೋಡಿದ. ಆಮೇಲೆ, "ಸಣ್ಣ ಹುಡುಗ್ರಿಗೆ ಆಟದ ಫೋನ್ ಕೊಡ್ತಾರಲ್ಲ ತನು, ಹಂಗ ಮಾಡಾಕ ಬರಂಗಿಲ್ಲೇನು?" ಎಂದ. "ಒತ್ತಿದ್ರ ಟಿಕ್ ಅನ್ನಲಿ, ದೀಪ ಹತ್ತಲಿ. ಒಲಿ ಮಾತ್ರ ಕಾಯಬಾರ್ದು. ಅವರಿಗೆ ಎಲ್ಲಿ ತಿಳೀತೈತಿ?"

"ಅದೇನು ದೊಡ್ಡ ಕೆಲಸ ಅಲ್ಲ," ಎಂದಳು ತನುಜಾ.

ನಿಜಕ್ಕೂ ದೊಡ್ಡ ಕೆಲಸವಾಗಿರಲಿಲ್ಲ. ಮತ್ತೆ ಪ್ಲಗ್ಗು ಬಿಚ್ಚಿ, ಕಿತ್ತ ಗುಂಡಿಯನ್ನು ಅದರ ಜಾಗದಲ್ಲಿ ಬೆಸೆದಳು. ರಿಲೇಯಿಂದ ಒಲೆಯ ಕಡೆಗೆ ಹೋಗುವ ತಾಮ್ರದ ಪಟ್ಟಿಯನ್ನು ಕತ್ತರಿಸಿದಳು. ಈಗ ಒತ್ತಿದರೆ ರಿಲೇ ಟಿಕ್ ಎನ್ನುತ್ತಿತ್ತು, ನೀಲಿ ದೀಪ ಹತ್ತುತ್ತಿತ್ತು. ಕರೆಂಟು ಅಲ್ಲಿಗೇ ಮುಗಿಯುತ್ತಿತ್ತು. ಮಧ್ಯಾಹ್ನದ ಫೋನೂ ಇನ್ನಿರುವುದಿಲ್ಲ, ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ಕಣ್ಣು ಮುಚ್ಚಬಹುದು ಎಂದುಕೊಂಡಾಗ ಅವಳಿಗೆ ಹಾಯೆನಿಸಿತು.

ಊಟವಾದ ಮೇಲೆ ಕೆರಿಯಪ್ಪ ಒಲೆಯ ಮುಂದೆ ಬಂದು ನಿಂತರು. ಮನೆಮಂದಿಯೆಲ್ಲ ಇದ್ದರು. ಪಾತ್ರೆಗೆ ನೀರು ಹಾಕಿ, ಗುಂಡಿ ಒತ್ತಿದರು. ಟಿಕ್. ದೀಪ ಹತ್ತಿತು. ಅವರ ಮುಖ ಅರಳಿತು. ವಿಶ್ವೇಶ್ವರ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

ಕೆರಿಯಪ್ಪ ಸಕ್ಕರೆ ಹಾಕಿದರು. ಅಂಗೈಯನ್ನು ಪಾತ್ರೆಯ ಪಕ್ಕದಲ್ಲಿ, ಒಲೆಗೆ ಒಂದು ಗೇಣು ಮೇಲೆ ಹಿಡಿದರು. ಹಾಗೆಯೇ ಸ್ವಲ್ಪ ಹೊತ್ತು ನಿಂತರು. ಕೈಯನ್ನು ಇನ್ನಷ್ಟು ಕೆಳಗಿಳಿಸಿದರು. ಕಡೆಗೆ ಕಾಯಿಲಿನ ಮೇಲೆಯೇ ಬೆರಳು ಇಟ್ಟರು. ತನುಜಾ ಬೆಚ್ಚಿ ಮುಂದೆ ಹೋದಳು, ಆದರೆ ಒಲೆ ತಣ್ಣಗಿತ್ತು.

ಕೆರಿಯಪ್ಪ ತಿರುಗಿ ಅವಳನ್ನು ಕಂಡು, "ತಂಗಿ, ನೀವು ರಿಪೇರಿಯವರೇನ್ರಿ?" ಎಂದು ಕೇಳಿದರು.

"ಹೌದು," ಎಂದಳು ತನುಜಾ.

"ಇದನ್ನ ಯಾರೋ ಕೆಡಿಸ್ಯಾರ್ರಿ. ದೀಪ ಹತ್ತತೈತಿ, ಕಾವು ಬರವಲ್ದು. ನೋಡ್ರಿ." ಅವಳ ಕೈ ಹಿಡಿದು ಒಲೆಯ ಮೇಲಿಟ್ಟು ತೋರಿಸಿದರು. "ಗಿರಾಕಿ ನಿಂತಾರ. ಲಗೂನ ಮಾಡಿಕೊಡ್ರಿ. ನಿಮಗೂ ಒಂದ್ ಚಾ ಕೊಡ್ತೀನಿ."

"ಮಾಡಿಕೊಡ್ತೆ ಮಾವ. ಇವತ್ತು ಆಗೂದಿಲ್ಲ."

"ನಾಳಿಗೆ ಬರ್ತೀರೇನು?"

"ಬರ್ತೆ."

ಅವರು ನಂಬಿ ಹೋಗಿ ಕುರ್ಚಿಯಲ್ಲಿ ಕುಳಿತರು. ಸಕ್ಕರೆ ನೀರನ್ನು ತನುಜಾ ಬಾಗಿಲ ಹೊರಗಿನ ಗಿಡದ ಬುಡಕ್ಕೆ ಚೆಲ್ಲಿದಳು. ವಿಶ್ವೇಶ್ವರ ಮರುದಿನ ಬೆಳಿಗ್ಗೆ ಲಾರಿಗೆ ಹೋದ.

ನಾಳೆ ಬರುವ ರಿಪೇರಿಯವಳು ಬಹಳ ದಿನ ಬರಲಿಲ್ಲ. ಬೆಳಿಗ್ಗೆ ಏಳುವಾಗಲೇ ಬೆನ್ನು ನೋವು. ಬಸ್ಸಿನಲ್ಲಿ ಸೀಟು ಸಿಕ್ಕರೆ ಕಣ್ಣು ಮುಚ್ಚುತ್ತಿದ್ದಳು, ನಿದ್ದೆ ಮಾತ್ರ ಬರುತ್ತಿರಲಿಲ್ಲ. ಭಾನುವಾರ ಬಂದರೆ ಒಗೆಯುವ ಬಟ್ಟೆಯ ರಾಶಿ. ಅದೇ ಪ್ಲಗ್ಗನ್ನು ಇನ್ನೊಮ್ಮೆ ಬಿಚ್ಚುವುದೆಂದರೆ ಅವಳಿಗೆ ಗುಡ್ಡ ಹತ್ತಿದಂತೆ ಅನ್ನಿಸುತ್ತಿತ್ತು. ಕೆರಿಯಪ್ಪ ದಿನವೂ ಗುಂಡಿ ಒತ್ತಿ, ಕೈ ಹಿಡಿದು ನೋಡಿ, ತಲೆಯಾಡಿಸಿ ಹಿಂದಿರುಗುತ್ತಿದ್ದರು. ಗೇಟಿನ ಹತ್ತಿರ ನಿಲ್ಲುವುದು ಮತ್ತೆ ಶುರುವಾಗಿತ್ತು.

ಒಂದು ಸಂಜೆ ತನುಜಾ ಮೊಣಕಾಲಿಗೆ ಔಷಧ ತಿಕ್ಕುತ್ತಿದ್ದಾಗ ಕಲ್ಲವ್ವ ಕೇಳಿದಳು, "ಯವ್ವಾ, ಆ ಗುಂಡಿ ಇನ್ನೊಂದು ಇರ್ತೈತೇನು?"

"ಎಂತ ಗುಂಡಿ ಅತ್ತೆ?"

"ಅವರ ಕೈಯಾಗ ಒಂದು ಐತಲ್ಲ, ನನ್ನ ಕೈಗೂ ಒಂದು ಕೊಡು. ಅವರು ಒತ್ತಿದ್ರೂ ನಾ ಒತ್ತದ ಹೊರ್ತು ಹತ್ತಬಾರ್ದು. ನಿನ್ನ ಫೋನೂ ಬ್ಯಾಡ, ನಿನ್ನ ಕಾಲೇಜೂ ಬ್ಯಾಡ. ನನ್ನ ಕಾಲು ಹೋಗ್ಯಾವ, ಕಣ್ಣು ಹೋಗಿಲ್ಲಲ್ಲ. ಮಂಚದಿಂದ ಒಲಿ ಕಾಣತೈತಿ. ದಾಸನಕೊಪ್ಪದಾಗ ಅವರು ಒಲಿ ಮುಂದ ಇದ್ರ ಗಲ್ಲಾದ ಮುಂದ ನಾನಽ ಇದ್ದೆ."

ತನುಜಾ ತಿಕ್ಕುವುದನ್ನು ನಿಲ್ಲಿಸಿದಳು. "ನಿಮಗೆ ನಿದ್ದೆ ಬಂದ್ರೆ?"

"ನಿದ್ದಿ ಬಂದ್ರ ಕೈ ಸಡಲ ಆಗತೈತಿ. ಕೈ ಸಡಲ ಆದ್ರ ಆರಲಿ. ಹಂಗ ಮಾಡಾಕ ಬರತೈತೋ ಇಲ್ಲೋ?"

ಬರುತ್ತಿತ್ತು. ಇಷ್ಟು ದಿನ ಪ್ಲಗ್ಗಿನೊಳಗೇ ಕೈಯಾಡಿಸುತ್ತ ತಾನು ಮಂಚದ ಕಡೆ ತಿರುಗಿಯೂ ನೋಡಿರಲಿಲ್ಲ ಎಂದು ತನುಜಾಗೆ ಅನ್ನಿಸಿತು. ಅತ್ತೆಯೆಂದರೆ ತಾನು ನೋಡಿಕೊಳ್ಳಬೇಕಾದವಳೆಂದೇ ಬಗೆದಿದ್ದಳು. ಮಾವನನ್ನು ನೋಡಿಕೊಳ್ಳಬಲ್ಲವಳೆಂದು ಬಗೆದಿರಲಿಲ್ಲ.

ಮುಂದಿನ ಭಾನುವಾರ ಬಟ್ಟೆಯ ರಾಶಿ ಹಾಗೆಯೇ ಇರಲೆಂದು ಬಿಟ್ಟು ಜಗಲಿಯಲ್ಲಿ ಕುಳಿತಳು. ಮೊದಲು ಕತ್ತರಿಸಿದ ಪಟ್ಟಿಯ ಜಾಗದಲ್ಲಿ ದಪ್ಪ ತಾಮ್ರದ ತಂತಿ ಹಾಕಿ ಬೆಸೆದು, ಪ್ಲಗ್ಗನ್ನು ಮೊದಲಿನಂತೆ ಮಾಡಿದಳು. ಅದರೊಳಗಿನಿಂದ ಅತ್ತೆಯ ಮಂಚಕ್ಕೆ ತಂತಿ ಎಳೆಯುವ ಯೋಚನೆ ಬಂದರೂ ಬಿಟ್ಟಳು. ಆ ಬೋರ್ಡಿನ ಸಣ್ಣ ವೋಲ್ಟೇಜು ಕೂಡ ಮನೆಯ ಕರೆಂಟಿಗೇ ತಾಗಿಕೊಂಡಿರುತ್ತದೆ. ಒದ್ದೆ ಕೈಯ ಮುದುಕಿಯ ಹತ್ತಿರ ಅದು ಸುಳಿಯಬಾರದು. ಬದಲಿಗೆ ಪೇಟೆಯಿಂದ ತಂದ ಇನ್ನೊಂದು ದೊಡ್ಡ ರಿಲೇಯನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಪ್ಲಗ್ಗಿಗೂ ಒಲೆಗೂ ನಡುವೆ ಇಟ್ಟಳು. ಅದನ್ನು ನಡೆಸಲು ಹಳೆಯ ಮೊಬೈಲ್ ಚಾರ್ಜರು, ತಂತಿ ಮುಟ್ಟಿದರೂ ಶಾಕ್ ಹೊಡೆಯದ್ದು. ಚಾರ್ಜರಿನ ತಂತಿ ಮಂಚದವರೆಗೆ ಹೋಗಿ, ಅದರ ತುದಿಯಲ್ಲಿ ಮನೆಬಾಗಿಲಿಗೆ ಹಾಕುವಂಥ ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಒತ್ತಿ ಹಿಡಿದಷ್ಟು ಹೊತ್ತು ಕರೆಂಟು, ಬಿಟ್ಟರೆ ಇಲ್ಲ.

ಕಲ್ಲವ್ವನಿಗೆ ಹೇಳಿಕೊಡುವುದು ಏನೂ ಇರಲಿಲ್ಲ. ಸ್ವಿಚ್ಚನ್ನು ಅಂಗೈಯಲ್ಲಿ ತೂಗಿ ನೋಡಿ, "ಹಗುರ ಐತಿ," ಎಂದಳು.

ಕೆರಿಯಪ್ಪ ಬಂದರು, ಗುಂಡಿ ಒತ್ತಿದರು. ಕಲ್ಲವ್ವ ಮಂಚದಿಂದ ಕುತ್ತಿಗೆ ಚಾಚಿ, "ನೀರು ಹಾಕಿಲ್ಲ, ಹಾಕ್ರಿ ಮೊದಲ!" ಎಂದು ಕೂಗಿದಳು. ಅವರು ಹಾಕಿದರು. ಅವಳು ಹೆಬ್ಬೆರಳು ಒತ್ತಿದಳು. ಡಬ್ಬಿಯೊಳಗೆ ಟಿಕ್ ಎಂದಿತು. ಕೆರಿಯಪ್ಪ ಅಂಗೈ ಹಿಡಿದು ನೋಡಿದರು. ಚಹಾಪುಡಿಯ ಡಬ್ಬಿ ಎಳೆದುಕೊಂಡರು.

ಎಲ್ಲ ದಿನವೂ ಸರಿಯಾಗುತ್ತಿತ್ತೆಂದಲ್ಲ. ಒಮ್ಮೊಮ್ಮೆ ಕಲ್ಲವ್ವ ತೂಕಡಿಸಿ ನೀರು ಅರ್ಧ ಕಾದು ನಿಲ್ಲುತ್ತಿತ್ತು, ಮಾವ ಬೈಯುತ್ತಿದ್ದರು, ಅತ್ತೆ ಎದುರು ಬೈಯುತ್ತಿದ್ದಳು. ಜಗಳದ ಸದ್ದು ಪರಿಮಳಾಳ ಹೊಲಿಗೆ ಮಷೀನಿನವರೆಗೂ ಹೋಗುತ್ತಿತ್ತು. ಹಾಲು ಉಕ್ಕಿ ಒಲೆಯ ಮೇಲೆ ಹರಿದು ಕರಕಲು ಅಂಟುತ್ತಿತ್ತು. ಅದನ್ನು ಕೆರೆಯುವುದು ಸಂಜೆ ತನುಜಾಳ ಪಾಲಿಗೆ ಹೊಸ ಕೆಲಸ. ಒತ್ತಿ ಹಿಡಿದು ಹಿಡಿದು ಕಲ್ಲವ್ವನ ಹೆಬ್ಬೆರಳು ನೋಯತೊಡಗಿತು. ಸುಲಭದ ಸ್ವಿಚ್ಚು ಹಾಕಿಕೊಡಲೇ ಎಂದರೆ ಬೇಡವೆಂದಳು. "ನೋವಾದ್ರ ಎಚ್ಚರ ಇರತೈತಿ." ಆದರೆ ಮಧ್ಯಾಹ್ನದ ಫೋನು ನಿಂತಿತು. ಲ್ಯಾಬಿನವರು ಮೊದಮೊದಲು, "ಅತ್ತೆ ಆರಾಮಾ?" ಎಂದು ಕೇಳುತ್ತಿದ್ದವರು ಆಮೇಲೆ ಕೇಳುವುದನ್ನೂ ಬಿಟ್ಟರು.

ಮಳೆಗಾಲ ಕಳೆಯುವ ಹೊತ್ತಿಗೆ ತನುಜಾ ಜ್ವರ ಬಂದು ಮಲಗಿದಳು. ಬೆಳಿಗ್ಗೆ ಅನ್ನವೊಂದು ಮಾಡಿಟ್ಟು ರಜೆ ಹಾಕಿ, ಒಳಕೋಣೆಯಲ್ಲಿ ಕಂಬಳಿ ಹೊದ್ದವಳಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ. ಎಚ್ಚರವಾದಾಗ ಹಗಲು ಅರ್ಧ ಕಳೆದಿತ್ತು. ಆಚೆ ಅತ್ತೆಯ ದನಿ ಕೇಳುತ್ತಿತ್ತು: "ಶುಂಠಿ ಜಜ್ಜಿ ಹಾಕ್ರಿ. ಜ್ವರ ಅದಾವ ಅಕಿಗೆ." ಏಳಬೇಕೆಂದುಕೊಂಡಳು. ಮೈ ಏಳಲಿಲ್ಲ. ಒಲೆಯ ಹತ್ತಿರ ಏನಾಗುತ್ತಿದೆಯೋ ಎಂಬ ಭಯ ಯಾವತ್ತಿನಂತೆ ಎದ್ದಿತು. ಏಳಲಾರದ ದಣಿವು ಅದಕ್ಕಿಂತ ದೊಡ್ಡದಿತ್ತು. ಕಣ್ಣು ಮುಚ್ಚಿ ಮಲಗಿಯೇ ಇದ್ದಳು.

ಕೆರಿಯಪ್ಪ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಗಾಜಿನ ಲೋಟ. ತುಳುಕದಂತೆ ಸಣ್ಣ ಸಣ್ಣ ಹೆಜ್ಜೆಯಿಟ್ಟು ಬಂದು ಹಾಸಿಗೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತರು.

"ತಗೋರಿ ತಂಗಿ. ಬಸ್ ಬರಾಕ ಇನ್ನೂ ಹೊತ್ತೈತಿ. ಆರಾಮ ಕುಡೀರಿ."

ತನುಜಾ ಗೋಡೆಗೆ ಒರಗಿ ಎದ್ದು ಕುಳಿತು ಲೋಟ ತೆಗೆದುಕೊಂಡಳು. ಕೈ ಸುಡುವಷ್ಟು ಬಿಸಿಯಿತ್ತು. ಒಂದು ಗುಟುಕು ಕುಡಿದಳು. ಶುಂಠಿ ಘಾಟಾಗಿತ್ತು. ಸಕ್ಕರೆ ಬಿದ್ದೇ ಇರಲಿಲ್ಲ.

"ಹೆಂಗೈತ್ರಿ?"

"ಚಲೋ ಐತೆ ಮಾವ. ಸಕ್ಕರೆ ಒಂಚೂರು ಬೇಕಾಗಿತ್ತು."

"ಅಯ್ಯ, ತರ್ತೀನಿ ತಡೀರಿ," ಎಂದು ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದು ಹೋದರು. ಆಚೆ ಕೋಣೆಯಲ್ಲಿ ಪಾತ್ರೆಯ ಸದ್ದಾಯಿತು. ಆಮೇಲೆ ಅತ್ತೆ ಏನೋ ಅಂದಳು, ಇವರು ಏನೋ ಅಂದರು. ಆಮೇಲೆ ಅಂಗಳದ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

ತನುಜಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕಾದಳು. ಸಕ್ಕರೆ ಬರಲಿಲ್ಲ. ತಣ್ಣಗಾಗುವ ಮೊದಲು ಹಾಗೆಯೇ ಕುಡಿದು, ಲೋಟವನ್ನು ಗೋಡೆಯ ಬದಿಗಿಟ್ಟು, ಮತ್ತೆ ಕಂಬಳಿ ಎಳೆದುಕೊಂಡಳು.